ಸೂಜಿ ಮುಟ್ಟದ ಮೊದಲ ಭೇಟಿ: ನನ್ನ ಅನುಭವ

“140 ಪೌಂಡಿಗೆ ಒಂದೂವರೆ ಗಂಟೆ ಕೂರ್ತೀರಾ?” ಅಂತ ನಮ್ಮ ಕ್ಲಿನಿಕ್ಕಿನ ಪಾರ್ಟ್‌ನರ್ ಡಾಕ್ಟರ್ ಒಬ್ಬರು ಮೀಟಿಂಗಿನಲ್ಲೇ ನಕ್ಕಿದ್ದರು. ಇಂಗ್ಲೆಂಡಿನಲ್ಲಿ ಲರ್ನಿಂಗ್ ಡಿಸಬಿಲಿಟಿ (ಅಲ್ಲಿ ಹಾಗಂದರೆ ಬೌದ್ಧಿಕ ಅಂಗವೈಕಲ್ಯ) ಇರುವವರಿಗೆ 14 ವರ್ಷದ ಮೇಲೆ ವರ್ಷಕ್ಕೊಂದು ಹೆಲ್ತ್ ಚೆಕ್ ಮಾಡಿದರೆ ಜಿಪಿಗೆ, ಅಂದರೆ ಫ್ಯಾಮಿಲಿ ಡಾಕ್ಟರಿಗೆ, ಆಗ ಸಿಗುತ್ತಿದ್ದದ್ದು ತಲೆಗೆ ಅಷ್ಟೇ. ಈಗ ಅದೇ ಪಾರ್ಟ್‌ನರ್ ತಮ್ಮ ರೋಗಿಗಳನ್ನೂ ನನ್ನ ಲಿಸ್ಟಿಗೆ ಸೇರಿಸುತ್ತಾರೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ನಮ್ಮ ರಿಜಿಸ್ಟರಿನಲ್ಲಿ ಇಂಥವರು ಸುಮಾರು ಅರವತ್ತು ಜನ. ಮೊದಲ ವರ್ಷ ಎಲ್ಲರಿಗೂ ಪತ್ರ ಹಾಕಿದೆವು. ಬಂದವರು ಇಪ್ಪತ್ತು ಇರಬಹುದು. ಚಿತ್ರ ಹಾಕಿದ ಪತ್ರವನ್ನೂ ಕಳಿಸಿ ನೋಡಿದೆ, ಮೂರು ಜನ ಜಾಸ್ತಿ ಬಂದರು. ಬಂದವರಲ್ಲೂ ಅರ್ಧದಷ್ಟು ಜನ ರಕ್ತ ಕೊಡದೆ ಎದ್ದು ಹೋದರು. ಒಬ್ಬ ಹುಡುಗ ಹೋಗುವಾಗ ಬಿಪಿ ಮಷಿನನ್ನೂ ಬೀಳಿಸಿ ಹೋದ. ಅದರ ದುಡ್ಡು ನನ್ನ ಲೆಕ್ಕಕ್ಕೇ ಬಂತು!

ಇಂಥವರ ಅಕಾಲ ಮರಣದ ಬಗ್ಗೆ 2013ರಲ್ಲಿ ಸಿಪೋಲ್ಡ್ ಅನ್ನೋ ವರದಿ ಬಂದಿತ್ತು. ಉಳಿದವರಿಗಿಂತ ಇವರಲ್ಲಿ ಗಂಡಸರು 13 ವರ್ಷ, ಹೆಂಗಸರು 20 ವರ್ಷ ಮುಂಚೆ ಸಾಯುತ್ತಾರೆ ಅಂತ ಅದು ಹೇಳಿತ್ತು. ನನಗೆ ಅದು ಕಾಗದದ ಲೆಕ್ಕವಾಗಿಯೇ ಇತ್ತು, ಒಂದು ತಪ್ಪು ಮಾಡುವವರೆಗೆ. ಮಾತು ಬಾರದ ಒಬ್ಬರಿಗೆ ಭೇದಿ ಅಂತ ಅವರನ್ನು ನೋಡಿಕೊಳ್ಳುವ ಕೇರರ್ ಫೋನ್ ಮಾಡಿದರು. ಫೋನಿನಲ್ಲೇ ಕೇಳಿ, ಮಲಬದ್ಧತೆಯ ಪುಡಿ ನಿಲ್ಲಿಸಿ ಅಂದೆ. ಅದು ಭೇದಿ ಆಗಿರಲಿಲ್ಲ. ಕರುಳಿನಲ್ಲಿ ಮಲ ತುಂಬಿ ಗಟ್ಟಿಯಾಗಿ, ಅದರ ಪಕ್ಕದಿಂದ ನೀರು ಜಾರುತ್ತಿತ್ತು. ನಾಲ್ಕು ದಿನಕ್ಕೆ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಬದುಕಿದರು. “ತಲೆ ಚಚ್ಚಿಕೊಳ್ಳೋದು ಅವನ ಸ್ವಭಾವ” ಅಂತ ನಾನೇ ಹಿಂದೆ ಬರೆದಿದ್ದೆ. ನೋವಿಗೆ ಚಚ್ಚಿಕೊಳ್ಳುತ್ತಿದ್ದ, ಪಾಪ.

ಆಮೇಲೆ ಚೆಕ್ ಅನ್ನು ಎರಡಾಗಿ ಒಡೆದೆ. ಮೊದಲ ಭೇಟಿಯಲ್ಲಿ ಸೂಜಿ ಇಲ್ಲ, ಬಿಳಿ ಟ್ರೇ ಇಲ್ಲ. ತೂಕ, ಹೊಟ್ಟೆ, ಕಿವಿ, ಬಾಯಿ, ಇಷ್ಟೇ. ಅದಕ್ಕೂ ಮುಂಚೆ ನಮ್ಮ ಅಸಿಸ್ಟೆಂಟ್ ಕೇರರ್ ಜೊತೆ ಫೋನಿನಲ್ಲಿ ಹದಿನೈದು ನಿಮಿಷ ಮಾತಾಡುತ್ತಾಳೆ. ಎರಡು ವಾರದ ಮಲದ ಚಾರ್ಟ್, ಊಟದಲ್ಲಿ ಕೆಮ್ಮು ಬರುತ್ತಾ, ಫಿಟ್ಸ್ ಎಷ್ಟು, ಹೋದ ವರ್ಷದ ಬಟ್ಟೆ ಸಡಿಲ ಆಗಿದೆಯಾ. ಕೊನೆಯ ಪ್ರಶ್ನೆ ನನ್ನದು. ತೂಕ ನೋಡಿ ನೆನಪಿಟ್ಟುಕೊಳ್ಳದವರಿಗೂ ಬಟ್ಟೆ ನೆನಪಿರುತ್ತೆ. ಇವರು ಇರುವ ಕೇರ್ ಹೋಮ್‌ಗಳ ಮ್ಯಾನೇಜರ್‌ಗಳಿಂದ ಮಲದ ಚಾರ್ಟ್ ತಪ್ಪದೆ ತರಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನ ಮಾತ್ರ ಬಿಟ್ಟುಕೊಡಲ್ಲ.

ಎರಡನೇ ಭೇಟಿ ರಕ್ತಕ್ಕೆ. ಮರಗಟ್ಟಿಸುವ ಕ್ರೀಮನ್ನು ಒಂದು ಗಂಟೆ ಮುಂಚೆ ಮನೆಯಲ್ಲೇ ಹಚ್ಚಿಸುತ್ತೇವೆ. ಎರಡೂ ಕೈಗೆ. ಒಂದೇ ಕೈಗೆ ಹಚ್ಚಿಸಿ ಕೆಟ್ಟಿದ್ದೇನೆ. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್ ಪರೀಕ್ಷೆ ಬಿಡಬೇಡಿ. “ಮಂಕಾಗಿದ್ದಾಳೆ, ವಯಸ್ಸಾಯ್ತಲ್ಲ” ಅಂತ ಮನೆಯವರು ಹೇಳಿದ ಇಬ್ಬರಲ್ಲಿ ಸಿಕ್ಕಿದ್ದು ಥೈರಾಯ್ಡ್ ತೊಂದರೆಯೇ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಕ್ಲಿನಿಕ್ ಒಳಗೆ ಬರದವರಿಗೆ ಪಾರ್ಕಿಂಗಿನಲ್ಲಿ ಕಾರಿನ ಕಿಟಕಿಯಿಂದಲೇ ಫ್ಲೂ ಲಸಿಕೆ ಕೊಟ್ಟೆ. ಏಳೆಂಟು ಜನಕ್ಕೆ ಸರಿಹೋಯಿತು. ಕಾಯುವ ಕೋಣೆಯಲ್ಲಿ ಮೆಲ್ಲಗೆ ಸಂಗೀತ ಹಾಕಿದ್ದು ಮಾತ್ರ ಸುಮ್ನೆ ದಂಡ. ಇಬ್ಬರು ಕಿವಿ ಮುಚ್ಚಿಕೊಂಡು ಹೊರಗೆ ಓಡಿದರು.

ದುಡ್ಡಿನ ಮಾತು. ಮೊದಲ ವರ್ಷ ನಷ್ಟವೇ. ಡಾಕ್ಟರ್ ಸಮಯ ಲೆಕ್ಕ ಹಾಕಿದರೆ ಒಬ್ಬರಿಗೆ ಮೂವತ್ತು ನಲವತ್ತು ಪೌಂಡ್ ಕೈಯಿಂದ ಹೋಗಿರಬೇಕು. ಮೊದಲ ಭೇಟಿಯನ್ನು ನರ್ಸ್‌ಗೆ ಬಿಟ್ಟ ಮೇಲೆ ಸರಿದೂಗಿತು. ಕಳೆದ ವರ್ಷ ಬಂದವರು ಐವತ್ತರ ಮೇಲೆ. ತುರ್ತು ಫೋನುಗಳೂ ಕಡಿಮೆ ಆಗಿವೆ ಅಂತ ರಿಸೆಪ್ಷನಿನವರು ಹೇಳುತ್ತಾರೆ. ನಾನು ಎಣಿಸಿಲ್ಲ.

ಇನ್ನೂ ಬಾಕಿ ಇರುವವರಲ್ಲಿ ಒಬ್ಬರ ಮಾತು. ಮೂರು ವರ್ಷದಿಂದ ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಿದ್ದರು. ಈ ಸಲ ಬಿಪಿ ಪಟ್ಟಿಯನ್ನು ಮೊದಲು ತಮ್ಮ ಅಮ್ಮನ ಕೈಗೆ ಕಟ್ಟಿಸಿದರು, ಆಮೇಲೆ ನನ್ನ ಕೈಗೆ, ಕೊನೆಗೆ ತಮ್ಮ ಕೈಗೆ. ರಕ್ತ ಮುಂದಿನ ವರ್ಷಕ್ಕೆ ನೋಡೋಣ.