ವಿಆರ್‌ನಲ್ಲಿ ಬಯಲಾಟ: ನೋಡುವವರಿಗೆ ಕುರ್ಚಿ ಎಲ್ಲಿ ಹಾಕುವುದು?

ವಿಆರ್‌ನಲ್ಲಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ನೋಡುವ ವರ್ಚುವಲ್ ರಿಯಾಲಿಟಿಯಲ್ಲಿ, ಚಿತ್ರ ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಕ್ಯಾಮೆರಾ ಅಂತ. ಮಂಗಳೂರಿನ ಸುತ್ತಮುತ್ತ ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣ ಶೈಲಿಯ) ಆಟಗಳನ್ನು ಶೂಟ್ ಮಾಡುತ್ತ ಬಂದ ನನಗೆ ಅದಕ್ಕಿಂತ ಮುಖ್ಯವಾದದ್ದು, ಆ ಕ್ಯಾಮೆರಾವನ್ನು ಎಲ್ಲಿ ಇಡುವುದು ಎಂಬುದು. ಮಾಮೂಲಿ ಸಿನಿಮಾದಲ್ಲಿ ಜೂಮ್ ಇದೆ, ಕ್ಲೋಸಪ್ ಇದೆ. ಹೆಡ್‌ಸೆಟ್ ಹಾಕಿಕೊಂಡವರಿಗೆ ಅದು ಯಾವುದೂ ಇಲ್ಲ. ನಾನು ಕ್ಯಾಮೆರಾ ಇಟ್ಟಲ್ಲಿ ಅವರು ಕೂತಿರುತ್ತಾರೆ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಸುತ್ತಲೂ ಹಿಡಿಯುವ 5.7ಕೆ ಕ್ಯಾಮೆರಾದ ಚಿತ್ರ 5760 ಪಿಕ್ಸೆಲ್ ಅಗಲ. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ ಬರುವುದು 16 ಪಿಕ್ಸೆಲ್. ಒಳ್ಳೆಯ ಕಣ್ಣು ಸುಮಾರು 60ರವರೆಗೆ ಗುರುತಿಸಬಲ್ಲದು. ಹದಿನೈದು ಅಡಿ ದೂರದಲ್ಲಿರುವ ವೇಷಧಾರಿಯ ಮುಖಕ್ಕೆ, ಹಣೆಯಿಂದ ಗಲ್ಲದವರೆಗೆ, ಐವತ್ತು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಹುಬ್ಬು ಕುಣಿಸಿದ್ದು ಕಾಣುವುದು ಹೇಗೆ? ಹಾಗಾಗಿ ರಂಗಸ್ಥಳದ ಅಂಚಿಗೇ ಹೋಗಿ, ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ, ಅಂದರೆ ಸುಮಾರು ನಾಲ್ಕು ಅಡಿಗೆ ಸ್ಟ್ಯಾಂಡ್ ನಿಲ್ಲಿಸುತ್ತೇನೆ. ಇನ್ನೂ ಎತ್ತರಿಸಿದರೆ ನೋಡುವವರಿಗೆ ಗಾಳಿಯಲ್ಲಿ ತೇಲಿದ ಹಾಗಾಗುತ್ತದೆ. ಒಮ್ಮೆ ನಿಲ್ಲಿಸಿದ ಮೇಲೆ ಅದನ್ನು ಅಲುಗಾಡಿಸುವುದಿಲ್ಲ. ಕಣ್ಣು ‘ಚಲಿಸುತ್ತಿದ್ದೇನೆ’ ಅನ್ನುವಾಗ ಒಳಗಿವಿ ‘ಇಲ್ಲ’ ಅಂದರೆ ಹೊಟ್ಟೆ ತೊಳೆಸುತ್ತದೆ, ಘಾಟಿ ರಸ್ತೆಯ ಬಸ್ಸಿನಲ್ಲಿ ಆದಂತೆ.

ಆಟದ ಹೆಚ್ಚಿನ ಭಾಗಕ್ಕೆ ಎದುರಿನ ಅರ್ಧವನ್ನಷ್ಟೇ ಹಿಡಿಯುವ 180 ಡಿಗ್ರಿ ಕ್ಯಾಮೆರಾ ಸಾಕು. ಸುಮಾರು ಆರು ಸೆಂಟಿಮೀಟರ್ ಅಂತರದಲ್ಲಿ ಎರಡು ಲೆನ್ಸ್, ಕಣ್ಣಿಗೊಂದು ಚಿತ್ರ. ಧೀಂಗಿಣ (ಗಿರಕಿ ಹೊಡೆಯುವ ನೆಗೆತ) ಹಾರುವಾಗ ಕಲಾವಿದರು ಮೇಲೆಯೇ ಬಂದಂತೆ ಅನಿಸುವುದು ಈ ಆಳದಿಂದ. ಸಾಮಾನ್ಯ 360 ಕ್ಯಾಮೆರಾದಲ್ಲಿ ಎರಡೂ ಕಣ್ಣಿಗೆ ಒಂದೇ ಚಿತ್ರ; ಆಳ ಸಿಗುವುದಿಲ್ಲ.

ಆದರೆ ‘ದೇವಿ ಮಹಾತ್ಮೆ’ಯ ಮಹಿಷಾಸುರನಿಗೆ ನಾನು 360 ಬಿಟ್ಟು ಬೇರೆ ಬಳಸುವುದಿಲ್ಲ. ಅವನು ಬರುವುದೇ ಸಭೆಯ ಹಿಂದಿನಿಂದ, ದೊಂದಿಗಳ ನಡುವೆ, ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುತ್ತ. ಹೆಡ್‌ಸೆಟ್ ಹಾಕಿದವರು ರಂಗಸ್ಥಳ ನೋಡುತ್ತಿರುವಾಗ ಬೆನ್ನ ಹಿಂದೆ ಅಬ್ಬರ ಕೇಳುತ್ತದೆ, ತಾವಾಗಿಯೇ ತಿರುಗುತ್ತಾರೆ. ಇದಕ್ಕಾಗಿ ನಾಲ್ಕು ದಿಕ್ಕಿಗೆ ನಾಲ್ಕು ಮೈಕ್ ಇರುವ ರೆಕಾರ್ಡರ್ ಬೇಕು. ಆಗ ತಲೆ ಎತ್ತ ತಿರುಗಿದರೂ ಚೆಂಡೆಯ ಸದ್ದು ಚೆಂಡೆ ಇದ್ದಲ್ಲಿಂದಲೇ ಕೇಳುತ್ತದೆ. ಪ್ರೇಕ್ಷಕರ ಕಣ್ಣನ್ನು ಬೇಕಾದ ಕಡೆಗೆ ಒಯ್ಯುವುದು ಹೇಗೆ ಎಂದು ವಿಆರ್ ನಿರ್ದೇಶಕರು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಬಯಲಾಟಕ್ಕೆ ಆ ವಿದ್ಯೆ ಚೆನ್ನಾಗಿ ಗೊತ್ತು. ನನಗೆ ಈ ಮಾಧ್ಯಮದ ಮೇಲೆ ನಂಬಿಕೆ ಬಂದದ್ದು ಅಲ್ಲಿಯೇ.

ಕಲಾವಿದರೊಬ್ಬರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೇಳಿದರು, “ಇದಕ್ಕೆ ಮುಖ ಎಲ್ಲಿ ಮಾರಾಯ್ರೇ? ನಾವು ಯಾವ ಕಡೆ ನೋಡಿ ಕುಣಿಯುವುದು?” “ಎದುರು ಕೂತ ಒಬ್ಬರು ಅಂತ ತಿಳ್ಕೊಳ್ಳಿ” ಅಂದೆ. ಅಂದು ರಾತ್ರಿ ಅವರು ನೇರ ಕ್ಯಾಮೆರಾದ ಕಡೆ ನೋಡಿ ಹೇಳಿದ ಅರ್ಥ (ಪಾತ್ರದ ಮಾತು), ಈಗ ಹೆಡ್‌ಸೆಟ್ ಹಾಕಿದವರೆಲ್ಲ ಒಮ್ಮೆ ಹಿಂದೆ ಸರಿಯುವ ಜಾಗ.

ಗೇಮ್‌ನ ಕಥೆ ಬೇರೆ. ಅಲ್ಲಿ ಎದ್ದು ನಡೆಯಬಹುದು, ಬಗ್ಗಬಹುದು, ವಸ್ತುವನ್ನು ಕೈಗೆತ್ತಿಕೊಳ್ಳಬಹುದು. 2020ರಲ್ಲಿ ವಾಲ್ವ್ ಕಂಪನಿಯ ‘ಹಾಫ್-ಲೈಫ್: ಅಲಿಕ್ಸ್’ ಬಂದಾಗ ಆಡಿದವರು ಮಾರ್ಕರ್ ಎತ್ತಿಕೊಂಡು ಗಾಜಿನ ಮೇಲೆ ಗೀಚುತ್ತ ನಿಂತುಬಿಟ್ಟಿದ್ದರು. ಕೈಗೆ ಕೆಲಸ ಕೊಟ್ಟರೆ ಮನಸ್ಸು ಆ ಜಾಗವನ್ನು ನಂಬುತ್ತದೆ.

ಅದನ್ನೇ ಹಿಡಿದು, ಗೇಮ್ ತಯಾರಿಸುವ ಯೂನಿಟಿ ಸಾಫ್ಟ್‌ವೇರ್‌ನಲ್ಲಿ ಒಂದು ಚೌಕಿ ಕಟ್ಟುತ್ತಿದ್ದೇನೆ. ಪೆಟ್ಟಿಗೆ, ಚಾಪೆ, ಗೆಜ್ಜೆಗಳನ್ನು ಸುತ್ತಲಿಂದ ಫೋಟೋ ತೆಗೆದರೆ ಸಾಫ್ಟ್‌ವೇರ್ ಅದರಿಂದ ಮೂರು ಆಯಾಮದ ಮಾಡೆಲ್ ಮಾಡಿಕೊಡುತ್ತದೆ. ಕಿರೀಟಕ್ಕೆ ಮಾತ್ರ ಈ ವಿಧಾನ ಒಗ್ಗುವುದಿಲ್ಲ. ಕನ್ನಡಿ ಚೂರು, ಬೇಗಡೆ ಪ್ರತಿ ಕೋನದಲ್ಲೂ ಬೇರೆ ಬೇರೆಯಾಗಿ ಹೊಳೆಯುತ್ತವೆ, ಸಾಫ್ಟ್‌ವೇರಿಗೆ ಎಲ್ಲ ಕಲಸುಮೇಲೋಗರ. ಹಾಗಾಗಿ ಕಿರೀಟವನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಕೈಯಿಂದಲೇ ಮಾಡುತ್ತೇನೆ. ಹೊಳಪಿಗೂ ಮಿತಿ ಇದೆ: ಸೆಕೆಂಡಿಗೆ 90 ಫ್ರೇಮ್ ಓಡಬೇಕಾದರೆ ಒಂದೊಂದು ಫ್ರೇಮ್ ಬಿಡಿಸಲು ಸಿಗುವುದು 11 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಚಿತ್ರ ತಡವರಿಸುತ್ತದೆ, ತಲೆ ಸುತ್ತುತ್ತದೆ.

ಆಡುವವರ ಕೆಲಸ ಚುಟ್ಟಿ ಇಡುವುದು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಮುಳ್ಳು ಮುಳ್ಳಾಗಿ, ಒಂದರ ಪಕ್ಕ ಒಂದು. ಕೈ ನಡುಗಿದರೆ ಸಾಲು ತಪ್ಪುತ್ತದೆ. ಚೌಕಿಯಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಗೇಮ್‌ನಲ್ಲಿ ಒಂದು ಕೆನ್ನೆ ಸಾಕು. ಯುದ್ಧದ ಗೇಮ್ ಮಾಡು ಅಂದವರು ಬಹಳ ಮಂದಿ. ಕತ್ತಿ ಬೀಸುವ ಗೇಮ್‌ಗಳು ಎಷ್ಟೋ ಇವೆ, ಚೌಕಿಯೊಳಗೆ ಕೂರಿಸುವಂಥದ್ದನ್ನು ನಾವೇ ಮಾಡಬೇಕು.

ರಾತ್ರಿಯಿಡೀ ನಡೆಯುವ ಆಟವನ್ನು ವಿಆರ್‌ನಲ್ಲಿ ಪೂರ್ತಿ ಕೊಡುವ ಆಸೆ ನನಗಿಲ್ಲ. ಹೆಡ್‌ಸೆಟ್ ಅರ್ಧ ಕಿಲೋ ಭಾರ. ಒಂದು ಪ್ರವೇಶ, ಒಂದು ಪದ್ಯ, ಹತ್ತು ನಿಮಿಷ: ಅಷ್ಟರೊಳಗೆ ಅದು ಬೇರೆ ಯಾವ ಪರದೆಯೂ ಕೊಡದ್ದನ್ನು ಕೊಡುತ್ತದೆ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸಿದ ಮೇಲೆ ಮಳೆಗಾಲವಿಡೀ ಎಡಿಟಿಂಗ್ ಕೆಲಸ. ಮುಂದಿನ ತಿರುಗಾಟಕ್ಕೆ, ಮೇಳದವರು ಒಪ್ಪಿದರೆ, ಭಾಗವತರ ಪಕ್ಕದಲ್ಲೇ ಸ್ಟ್ಯಾಂಡ್ ನಿಲ್ಲಿಸಿ ಅಲ್ಲಿಂದ ಸಭೆಯನ್ನು ತೋರಿಸಬೇಕೆಂದಿದ್ದೇನೆ.