ಹಾಲಿನವ್ರ ಜೊತೆ ಜಗಳಕ್ಕೆ ಹೋಗೋ ಮುಂಚೆ ಒಂದು ಹನಿ ಅಯೋಡಿನ್

ನಮ್ಮ ಹಾಸನದ ಕಡೆ, ಅದ್ರಲ್ಲೂ ಸಕಲೇಶಪುರದ ತೋಟದ ಮನೆಗಳಲ್ಲಿ, ಗಾಯಕ್ಕೆ ಹಚ್ಚೋ ಕಂದು ಬಣ್ಣದ ಔಷಧಿ ಬಾಟಲಿ ಒಂದು ಇದ್ದೇ ಇರುತ್ತೆ. ಇವತ್ತು ಕತ್ತಿ ತಾಗಿರುತ್ತೆ, ನಾಳೆ ಇಂಬಳ (ಜಿಗಣೆ) ಕಚ್ಚಿರುತ್ತೆ. ಅದೇ ಪೊವಿಡೋನ್ ಅಯೋಡಿನ್. ಹಾಲಿಗೆ, ಪನೀರಿಗೆ, ಖೋವಾಗೆ ಹಿಟ್ಟು ಬೆರೆಸಿದ್ದಾರಾ ಅಂತ ಆ ಬಾಟಲಿಯಿಂದ್ಲೇ ಮನೇಲಿ ನೋಡ್ಬಹುದು, ಹಿಟ್ಟಲ್ಲಿರೋ ಪಿಷ್ಟಕ್ಕೆ (ಸ್ಟಾರ್ಚ್) ಅಯೋಡಿನ್ ತಾಗಿದ್ರೆ ನೀಲಿ ಆಗುತ್ತೆ. ಸುಲಭ, ಆದ್ರೆ ತಪ್ಪು ಮಾಡೋದು ಅದಕ್ಕಿಂತ ಸುಲಭ.

ನಾನೇ ಮಾಡಿದೀನಿ. ಒಂದಿನ ಹಾಲಿಗೆ ಎರಡು ಹನಿ ಹಾಕಿದ್ ಕೂಡ್ಲೇ ನೀಲಿ ಬಂತು, ನಾಳೆ ಬೆಳಿಗ್ಗೆ ಹಾಲಿನವ್ನು ಬರ್ಲಿ ಇದೆ ಅವನಿಗೆ ಅಂತ ಕೂಗಾಡ್ತಿದ್ದೆ, ಅಮ್ಮ ನಿಧಾನಕ್ಕೆ "ಆ ಸೌಟು ಎಲ್ಲಿಂದ ತಗೊಂಡ್ಯೋ?" ಅಂದ್ರು. ಗಂಜಿ ತಿರುವಿದ ಸೌಟು!

ಮೊದ್ಲು ಕೈ ಪಳಗೋಕೆ ಒಂದು ಆಲೂಗೆಡ್ಡೆ ತಗೊಳ್ಳಿ, ನಮ್ಮೂರಲ್ಲಿ ಅದಕ್ಕೇನು ಬರ. ಎರಡು ಹೋಳು ಮಾಡಿ ಒಂದು ಹನಿ ಬಿಡಿ, ಕಂದು ಬಣ್ಣ ನೋಡ್ತಾ ನೋಡ್ತಾ ಕಪ್ಪು-ನೀಲಿ ಆಗುತ್ತೆ. ಪಿಷ್ಟದ ಒಳಗಿರೋ ಅಮೈಲೋಸ್ ಅನ್ನೋದು ಸ್ಪ್ರಿಂಗ್ ಥರ ಸುತ್ಕೊಂಡಿರುತ್ತೆ, ಅದರ ಮಧ್ಯದ ಜಾಗದಲ್ಲಿ ಅಯೋಡಿನ್ ಹೋಗಿ ಕೂತ್ರೆ ಈ ಬಣ್ಣ. ಬಾಳೆಕಾಯಿಗೂ ಚೆನ್ನಾಗಿ ಮಾಗಿದ ಬಾಳೆಹಣ್ಣಿಗೂ ಹಾಕಿ ನೋಡಿ, ಕಾಯಿ ಕಪ್ಪಗಾಗುತ್ತೆ, ಹಣ್ಣು ಅಷ್ಟಾಗಿ ಆಗಲ್ಲ, ಮಾಗ್ತಾ ಪಿಷ್ಟ ಸಕ್ಕರೆ ಆಗಿರುತ್ತಲ್ಲ ಅದಕ್ಕೆ.

ಈಗ ಹಾಲು. ಮೂರು ಗಾಜಿನ ಲೋಟ ಇಟ್ಕೊಳ್ಳಿ, ಸ್ಟೀಲ್ ಬೇಡ, ಅಯೋಡಿನ್ ಲೋಹ ತಿನ್ನುತ್ತೆ. ಒಂದು ಚಮಚ ಹಾಲಿಗೆ ಒಂದು ಚಮಚ ನೀರು ಸೇರಿಸಿ ಕುದಿಸಿ ಮೊದಲನೇ ಲೋಟಕ್ಕೆ ಹಾಕಿ. ಕುದಿಸಲೇಬೇಕಾ ಅಂದ್ರೆ ಹೌದು, ಪಿಷ್ಟದ ಕಾಳು ಒಡೆದ್ರೆ ಬಣ್ಣ ಚೆನ್ನಾಗಿ ಹಿಡಿಯುತ್ತೆ. ಎರಡನೇದಕ್ಕೆ ಬರೀ ನೀರು. ಮೂರನೇದಕ್ಕೆ ಅದೇ ಹಾಲು-ನೀರು, ಆದ್ರೆ ನಾವೇ ಬೇಕಂತ ಒಂದು ಚಿಟಿಕೆ ಅಕ್ಕಿಹಿಟ್ಟು ಹಾಕಿ ಕುದಿಸಿದ್ದು. ಪೂರ್ತಿ ತಣ್ಣಗಾಗ್ಲಿ. ಔಷಧಿಗೆ ನೀರು ಬೆರೆಸಿ ತೆಳು ಟೀ ಬಣ್ಣಕ್ಕೆ ತಂದು ಮೂರಕ್ಕೂ ಎರಡೆರಡು ಹನಿ ಹಾಕಿ. ಹಾಲು ಸ್ವಲ್ಪ ಅಯೋಡಿನ್ ತಾನೇ ನುಂಗಿಬಿಡುತ್ತೆ, ಬಣ್ಣ ಮಾಸಿದ್ರೆ ಇನ್ನೊಂದು ಹನಿ. ಮೂರನೇ ಲೋಟ ನೀಲಿ ಆಗ್ಲೇಬೇಕು, ಆಗ್ಲಿಲ್ಲ ಅಂದ್ರೆ ನಿಮ್ಮ ಬಾಟಲಿನೋ ವಿಧಾನನೋ ಸರಿಯಿಲ್ಲ, ಮೊದಲನೇ ಲೋಟದ ಬಗ್ಗೆ ಮಾತಾಡೋ ಹಾಗೇ ಇಲ್ಲ. ಎರಡನೇ ಲೋಟದ ನೀರೇ ನೀಲಿ ಆದ್ರೆ ಲೋಟನೋ ಚಮಚನೋ ಗಲೀಜು, ನನ್ನ ಸೌಟಿನ ಕಥೆ.

ತಣ್ಣಗಾಗ್ಲಿ ಅಂದಿದ್ದು ಸುಮ್ನೆ ಅಲ್ಲ. ಬಿಸಿಗೆ ಆ ಸ್ಪ್ರಿಂಗ್ ಸಡಿಲ ಆಗಿ ಅಯೋಡಿನ್ ಹೊರಗೆ ಬಂದ್ಬಿಡುತ್ತೆ, ಬಿಸಿ ಬಿಸಿ ಹಾಲಿಗೆ ಹಾಕಿ ನೀಲಿ ಬರ್ಲಿಲ್ಲ ಶುದ್ಧ ಇದೆ ಅಂತ ಖುಷಿ ಪಟ್ರೆ ಮೋಸ ಹೋಗ್ತೀರ. ಮಕ್ಕಳಿಗೆ ತೋರಿಸ್ಬೇಕಾದ್ದೇ ಇದು: ನೀಲಿ ಆದ ಗಂಜಿನ ಬಿಸಿ ಮಾಡಿ, ಬಣ್ಣ ಮಾಯ, ತಣ್ಣಗೆ ಮಾಡಿ, ವಾಪಸ್.

ಪನೀರ್, ಖೋವಾ ಆದ್ರೆ ಚೂರು ತಗೊಂಡು ನೀರಲ್ಲಿ ಕುದಿಸಿ ಆರಿಸಿ, ಮಿಕ್ಕಿದ್ದು ಹಾಗೇ. ರಾಗಿ ಮಾಲ್ಟ್, ಕಸ್ಟರ್ಡ್ ಪುಡಿ ಬಿದ್ದ ಹಾಲು ನೀಲಿ ಆಗೋದು ಸಹಜ. ನೀರು, ಯೂರಿಯಾ, ಸಕ್ಕರೆ ಬೆರೆಸಿದ್ರೆ ಇದ್ರಲ್ಲಿ ಗೊತ್ತಾಗಲ್ಲ. ನೋಡಿದ ಮೇಲೆ ಎಲ್ಲಾ ಚೆಲ್ಲಿಬಿಡಿ, ಬೆಕ್ಕಿಗೂ ಬೇಡ.

ಹಂಗಾದ್ರೆ ಆಲೂಗೆಡ್ಡೆ ಮೇಲೆ ಅಯೋಡಿನ್ ಉಪ್ಪು ಉದುರಿಸಿದ್ರೆ ನೀಲಿ ಆಗುತ್ತಾ? ಆಗಲ್ಲ. ಉಪ್ಪಲ್ಲಿರೋದು ಪೊಟ್ಯಾಷಿಯಂ ಅಯೋಡೇಟ್, ಬಿಡಿ ಅಯೋಡಿನ್ ಅಲ್ಲ, ಅದೂ ನಮ್ಮ ಕೈಗೆ ಬರೋ ಹೊತ್ತಿಗೆ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರ್ಬೇಕು ಅನ್ನೋ ಲೆಕ್ಕ. ದೊಡ್ಡವ್ರಿಗೆ ದಿನಕ್ಕೆ ಬೇಕಾಗಿರೋದು ಬರೀ 150 ಮೈಕ್ರೋಗ್ರಾಂ, ಅದು ಸಿಗ್ದೇ ಇದ್ರೆ ಗಳಗಂಡ, ಅಂದ್ರೆ ಕುತ್ತಿಗೆ ಊದ್ಕೊಳ್ಳೋ ಕಾಯಿಲೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತೆ ಅಂತ ಒಲೆ ಪಕ್ಕ ಬಾಯಿ ತೆಗೆದು ಇಡ್ತಾರಲ್ಲ, ಥಂಡಿಗೂ ಬಿಸಿಗೂ ಆ ಅಯೋಡಿನ್ ಕಮ್ಮಿ ಆಗ್ತಾ ಹೋಗುತ್ತೆ. ಮುಚ್ಚಳ ಬಿಗಿಯಾಗಿರೋ ಡಬ್ಬೀಲಿ ಹಾಕಿ ಒಲೆಯಿಂದ ದೂರ ಇಡಿ.

ಇನ್ನು ಗಾಯದ ವಿಷ್ಯ. ಮೊದ್ಲು ನೀರಲ್ಲಿ ತೊಳೀರಿ, ತೆಳುವಾಗಿ ಹಚ್ಚಿ, ಆರೋಕೆ ಬಿಟ್ಟು ಆಮೇಲೆ ಬಟ್ಟೆ ಕಟ್ಟಿ, ಒದ್ದೆ ಇರುವಾಗ್ಲೇ ಬಿಗಿಯಾಗಿ ಕಟ್ಟಿದ್ರೆ ಚರ್ಮ ಸುಡುತ್ತೆ. ನಾಯಿ ಕಚ್ಚಿದ್ರೆ 15 ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು ಇದನ್ನ ಹಚ್ಚಿ, ಆದ್ರೆ ಇದು ಇಂಜೆಕ್ಷನ್‌ಗೆ ಬದಲಿ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಇರೋರು, ಬಸುರಿ-ಬಾಣಂತಿಯರು, ಎಳೆ ಮಕ್ಕಳಿಗೆ ಡಾಕ್ಟ್ರನ್ನ ಕೇಳದೆ ಹಚ್ಬೇಡಿ. ಬಾಯಿ ಮುಕ್ಕಳಿಸೋಕೆ ಬೇರೆ ದ್ರಾವಣ ಬರುತ್ತೆ, ಗಾಯದ್ದನ್ನ ಬಳಸ್ಬೇಡಿ. ಮಗು ಕುಡಿದ್ಬಿಟ್ರೆ ವಾಂತಿ ಮಾಡಿಸೋಕೆ ಹೋಗ್ದೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಅಯೋಡಿನ್ ಹರಳು ಬೇರೆನೇ, ಅದು ಕಾಲೇಜ್ ಲ್ಯಾಬಲ್ಲೇ ಇರ್ಲಿ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಕಡಲ ಪಾಚಿ ಬೂದಿಯಿಂದ ಉಪ್ಪು ತೆಗೆಯುವಾಗ ಗಂಧಕಾಮ್ಲ ಜಾಸ್ತಿ ಆಗಿ ಎದ್ದ ನೇರಳೆ ಹೊಗೆನೇ ಇದರ ಮೊದಲ ಪರಿಚಯ. ಆ ಹೊಗೆ ಕಣ್ಣು, ಮೂಗು ಉರಿಸುತ್ತೆ, ಹರಳು ಅಮೋನಿಯಾ ಜೊತೆ ಸೇರಿದ್ರೆ ಒಣಗಿದ ಮೇಲೆ ಮುಟ್ಟಿದ್ರೂ ಸಿಡಿಯೋ ಪದಾರ್ಥ ಆಗುತ್ತೆ.

ಅಡುಗೆ ಕಟ್ಟೆ ಮೇಲೋ ಅಂಗಿ ಮೇಲೋ ಕಲೆ ಆಯ್ತಾ, ಒಂದು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಒರೆಸಿ, ಅಯೋಡಿನ್ ಬಣ್ಣ ಇಲ್ಲದ ಅಯೋಡೈಡ್ ಆಗಿ ಕಲೆ ಹೋಗುತ್ತೆ. ನಿಂಬೆರಸನೂ ಆಗುತ್ತೆ, ಸ್ವಲ್ಪ ನಿಧಾನ ಅಷ್ಟೆ.