ದಾವಣಗೆರೆ ನೆರಳು, ಲಂಡನ್ ನೆರಳು: ಹೊರದೇಶದ ಶಾಲೆ ಜೊತೆ ಪ್ರಾಜೆಕ್ಟ್ ಹೀಗೆ ಮಾಡಿ

ಹೊರದೇಶದ ಶಾಲೆ ಜೊತೆ ಪ್ರಾಜೆಕ್ಟ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ವಿಡಿಯೊ ಕಾಲ್. ಆ ಕಡೆಯವರು ಕೈ ಬೀಸುತ್ತಾರೆ, ಈ ಕಡೆಯವರು ‘ಹಲೋ’ ಅನ್ನುತ್ತಾರೆ, ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಮುಗಿಯಿತು. ಮುಂದಿನ ವಾರ ಮಕ್ಕಳಿಗೆ ಅದರ ನೆನಪೂ ಇರುವುದಿಲ್ಲ. ಕಾಲ್ ಕೊನೆಗಿರಲಿ. ಅವರಿಲ್ಲದೆ ನಮಗೆ, ನಾವಿಲ್ಲದೆ ಅವರಿಗೆ ಮುಗಿಸಲು ಆಗದಂಥ ಒಂದು ಕೆಲಸ ಮೊದಲು ಹುಡುಕಿ.

ದಾವಣಗೆರೆ ಕಡೆಯ ಹೈಸ್ಕೂಲಿಗೆ ನನ್ನ ಸಲಹೆ, ನೆರಳು ಅಳೆಯುವ ಪ್ರಾಜೆಕ್ಟ್. ಸುಮಾರು 2,200 ವರ್ಷದ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದು ಎರಡು ಊರಿನ ನೆರಳಿನಿಂದಲೇ. ಖರ್ಚು ಒಂದು ಮೀಟರ್ ಕೋಲು, ಚಾಕ್‌ಪೀಸ್. ಅಷ್ಟೇ.

ಜೊತೆಗಾರರನ್ನು ಹುಡುಕುವುದು

ಶಿಕ್ಷಕರನ್ನು ಶಿಕ್ಷಕರಿಗೆ ಸೇರಿಸುವ ಐಅರ್ನ್ ಎಂಬ ಜಾಲ 1988ರಿಂದ ಇದೆ. ಮಳೆ, ಮೋಡ, ಮಣ್ಣು ಅಳೆಯುವ ಆಸೆಯಿದ್ದರೆ ನಾಸಾ ಬೆಂಬಲದ ‘ಗ್ಲೋಬ್’ ಕಾರ್ಯಕ್ರಮವಿದೆ. ಇನ್ನೊಂದು ದಾರಿ ನಮ್ಮ ಹಳೇ ವಿದ್ಯಾರ್ಥಿಗಳು. ಲಂಡನ್ನಿನಲ್ಲೋ ಟೋಕಿಯೊದಲ್ಲೋ ಇರುವವರ ಮಕ್ಕಳು ಅಲ್ಲಿ ಯಾವುದಾದರೂ ಶಾಲೆಗೆ ಹೋಗುತ್ತಿರುತ್ತಾರೆ, ಅಲ್ವಾ? ಆ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಒಂದು ಮಾತು ಹೇಳಿಸಿ.

ಮೊದಲ ಮೇಲ್ ಚಿಕ್ಕದಿರಲಿ. ‘ನಮ್ಮದು ಒಂಬತ್ತನೇ ಕ್ಲಾಸು, ಇಂಥ ದಿನ ನೆರಳು ಅಳೆಯುತ್ತೇವೆ, ನಿಮ್ಮಿಂದ ಒಂದು ಅಳತೆ ಬೇಕು’ ಅಂದರೆ ಸಾಕು. ಶಾಲೆಯ ಇತಿಹಾಸ, ಟ್ರೋಫಿಗಳ ಪಟ್ಟಿ ಕಳಿಸಿದರೆ ಯಾರೂ ಓದುವುದಿಲ್ಲ.

ಹೆಡ್‌ಮಾಸ್ಟರ ಅನುಮತಿ, ಪೋಷಕರ ಸಹಿ ಇದೇ ಹಂತದಲ್ಲಿ ಆಗಲಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯ ಲೆಕ್ಕದಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಫೋನ್ ನಂಬರ್, ಮನೆ ವಿಳಾಸ ಆಚೆ ಹೋಗಕೂಡದು. ಪತ್ರವೆಲ್ಲ ಶಿಕ್ಷಕರ ಕೈಯಿಂದಲೇ ಹೋಗಿ ಬರಲಿ.

ಅಳೆಯುವ ದಿನ

ಹಗಲು ರಾತ್ರಿ ಹೆಚ್ಚೂಕಮ್ಮಿ ಸಮವಿರುವ ಸೆಪ್ಟೆಂಬರ್ 22-23ರ ಸುಮಾರು ಒಳ್ಳೆಯದು. ಮೋಡದ ಭಯ ಎರಡೂ ಕಡೆ ಇದೆ. ಅದಕ್ಕೇ ಮೂರು ದಿನ ಗೊತ್ತು ಮಾಡಿಕೊಳ್ಳಿ. ಎರಡೂ ಊರಿನಲ್ಲಿ ಬಿಸಿಲು ಸಿಕ್ಕ ದಿನದ ಅಳತೆ ಮಾತ್ರ ಲೆಕ್ಕಕ್ಕೆ.

ಅಂಗಳದ ಸಮತಟ್ಟು ಜಾಗದಲ್ಲಿ ಕೋಲು ನಿಲ್ಲಿಸಿ. ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ. ಹನ್ನೆರಡು ಗಂಟೆಗೆ ಒಂದೇ ಸಲ ಅಳೆದು ಒಳಗೆ ಹೋಗಬೇಡಿ. ನಮ್ಮ ಗಡಿಯಾರ ನಡೆಯುವುದು ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ದಾವಣಗೆರೆ ಇರುವುದು ಸುಮಾರು 76ರಲ್ಲಿ. ಹಾಗಾಗಿ ಆ ದಿನಗಳಲ್ಲಿ ಇಲ್ಲಿ ಸೂರ್ಯ ತೀರಾ ಮೇಲೆ ಬರುವುದು 12.20ರ ಹೊತ್ತಿಗೆ. ಹನ್ನೆರಡರಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. 12.40ರವರೆಗೆ ಹಾಕುತ್ತಾ ಹೋಗಿ. ಎಲ್ಲಕ್ಕಿಂತ ಗಿಡ್ಡ ನೆರಳೇ ನಿಮ್ಮ ಅಳತೆ. ಸುಮಾರು 26 ಸೆಂಟಿಮೀಟರ್ ಬರಬೇಕು. ಲಂಡನ್ನಿನವರು ಅವರ ನಡುಹಗಲಿಗೆ ಅಳೆದರೆ ಸುಮಾರು 126 ಬರುತ್ತದೆ. ಕೋಲು ಅಷ್ಟೇ ಉದ್ದ, ಸೂರ್ಯ ಅದೇ. ಯಾಕೆ ಹೀಗೆ ಅಂತ ಮಕ್ಕಳೇ ಕೇಳುತ್ತಾರೆ, ನೀವು ಬಾಯಿಬಿಡುವ ಮುಂಚೆ.

ಈಗ ಲೆಕ್ಕ. ನೆರಳನ್ನು ಕೋಲಿನ ಉದ್ದದಿಂದ ಭಾಗಿಸಿದರೆ, ಕೋಲಿನ ತುದಿಯಲ್ಲಿ ಕೋಲಿಗೂ ಬಿಸಿಲಿನ ಕಿರಣಕ್ಕೂ ನಡುವಿನ ಕೋನದ ಟ್ಯಾನ್ ಬೆಲೆ ಸಿಗುತ್ತದೆ. ಅದರಿಂದ ಕೋನ. ನಮ್ಮದು ಸುಮಾರು 14.5 ಡಿಗ್ರಿ, ಅವರದ್ದು 51.5. ವ್ಯತ್ಯಾಸ 37. ಟ್ರಿಗನಾಮೆಟ್ರಿ ಇನ್ನೂ ಬಾರದ ಮಕ್ಕಳು ಹಾಳೆ ಮೇಲೆ ತ್ರಿಭುಜ ಬರೆದು ಕೋನಮಾಪಕದಲ್ಲಿ ಅಳೆಯಲಿ. ಎರಡೂ ಊರಿನ ನಡುವೆ ಉತ್ತರ-ದಕ್ಷಿಣದ ನೇರ ದೂರ ಸುಮಾರು 4,100 ಕಿ.ಮೀ. 37 ಡಿಗ್ರಿಗೆ ಇಷ್ಟು ದೂರವಾದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ ಎಷ್ಟು? ಅದನ್ನು 360ರಿಂದ ಗುಣಿಸಿ 37ರಿಂದ ಭಾಗಿಸಿ. 40,000ದ ಹತ್ತಿರ ಬರುತ್ತದೆ. ಭೂಮಿಯ ಸುತ್ತಳತೆ ಅಷ್ಟೇ. ಉತ್ತರ 36 ಸಾವಿರವೋ 43 ಸಾವಿರವೋ ಬಂದರೆ ತಿದ್ದಲು ಹೋಗಬೇಡಿ. ಕೋಲು ವಾಲಿತ್ತಾ, ಗುರುತು ತಪ್ಪಿತಾ ಅಂತ ಎರಡೂ ಕ್ಲಾಸು ಪತ್ರದಲ್ಲಿ ಜಗಳವಾಡಲಿ. ನನ್ನ ಪ್ರಕಾರ ಕಲಿಕೆ ಜಾಸ್ತಿ ಆಗುವುದೇ ಅಲ್ಲಿ.

ಪತ್ರ, ಆಮೇಲೆ ಕಾಲ್

ಇಂಗ್ಲಿಷಿನ ಹೆದರಿಕೆಗೆ ಉಪಾಯ ಸುಲಭ. ಮೊದಲು ಕನ್ನಡದಲ್ಲಿ ಬರೆಸಿ, ಆಮೇಲೆ ಮಕ್ಕಳೇ ಗುಂಪಿನಲ್ಲಿ ಅನುವಾದ ಮಾಡಲಿ. ಮೇಷ್ಟ್ರು ಪೂರ್ತಿ ತಿದ್ದಿ ಬರೆದರೆ ಅದು ಮೇಷ್ಟ್ರ ಪತ್ರ. ‘ನಮ್ಮೂರು ಸುಂದರವಾಗಿದೆ’ ಅಂತ ಸುಮ್ನೆ ಬರೆಯುವುದಕ್ಕಿಂತ, ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದರೆ ಏನಾಗುತ್ತದೆ ಅಂತ ಬರೆಯಲಿ. ಆ ಕಡೆಯಿಂದ ಹತ್ತು ಪ್ರಶ್ನೆ ಬರುತ್ತವೆ.

ಇಷ್ಟಾದ ಮೇಲೆ ಕಾಲ್. ನಮ್ಮ ಮಧ್ಯಾಹ್ನ ಮೂರು ಗಂಟೆ ಲಂಡನ್ನಿನಲ್ಲಿ ಬೆಳಗ್ಗೆ ಹತ್ತೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ, ಆಗ ಒಂಬತ್ತೂವರೆ. ಜಪಾನ್ ಆದರೆ ನಮ್ಮ ಬೆಳಗ್ಗೆ ಹತ್ತಕ್ಕೆ ಅಲ್ಲಿ ಮಧ್ಯಾಹ್ನ ಒಂದೂವರೆ. ಅಮೆರಿಕ ಬೇಡ. ಅವರ ಶಾಲೆ ಶುರುವಾಗುವಾಗ ನಮ್ಮ ಮಕ್ಕಳು ಮನೆ ಸೇರಿರುತ್ತಾರೆ.

ಇಡೀ ಕ್ಲಾಸನ್ನು ಒಂದು ಫೋನಿನ ಮುಂದೆ ಕೂರಿಸಬೇಡಿ. ಸ್ಮಾರ್ಟ್ ಕ್ಲಾಸಿನ ಟಿ.ವಿ.ಗೆ ಜೋಡಿಸಿ, ಮಾತಾಡುವವರು ಒಬ್ಬೊಬ್ಬರಾಗಿ ಮೈಕಿನ ಹತ್ತಿರ ಬರಲಿ. ಕರೆಂಟ್ ಹೋದರೆ ಹಾಟ್‌ಸ್ಪಾಟ್ ಕೊಡಲು ಒಂದು ಫೋನ್ ಪೂರ್ತಿ ಚಾರ್ಜ್ ಆಗಿರಲಿ. ಹತ್ತು ನಿಮಿಷದಲ್ಲಿ ನಾವು ಮತ್ತೆ ಸಿಗದಿದ್ದರೆ ಅದೇ ವಾರದ ಇನ್ಯಾವ ದಿನ ಅಂತ ಆ ಕಡೆಯವರಿಗೆ ಮೊದಲೇ ಬರೆದಿಟ್ಟಿರಿ.